ರಬ್ಬರ್ ಮೌಲ್ಡಿಂಗ್ ಘಟಕ: ಮಾಲನ್ನು ತಡೆಯುವ ಹಕ್ಕು ಯಾರಿಗೆ? ನಾವು ಜವಾಬ್ದಾರಿ ಹಂಚಿಕೊಂಡ ಬಗೆ

ಪೀಣ್ಯದ ನಮ್ಮ ಘಟಕದಲ್ಲಿ ಒಂಬತ್ತು ಕಂಪ್ರೆಷನ್ ಪ್ರೆಸ್, ಎರಡು ಇಂಜೆಕ್ಷನ್ ಮಷೀನ್, ರಬ್ಬರ್ ಕಲಸುವ 35 ಲೀಟರಿನ ಒಂದು ನೀಡರ್, ಒಂದು ಮಿಕ್ಸಿಂಗ್ ಮಿಲ್ ಇವೆ. ಸ್ವಂತ ಉತ್ಪನ್ನ ಅಂತ ಯಾವುದೂ ಇಲ್ಲ. ಪಾರ್ಟಿ ಕೊಟ್ಟ ಡ್ರಾಯಿಂಗ್‌ಗೆ ತಕ್ಕಂತೆ ಒಂದು ದಿನ ಪಂಪಿನ ಗ್ಯಾಸ್ಕೆಟ್, ಇನ್ನೊಂದು ದಿನ ಲೋಹಕ್ಕೆ ಕಚ್ಚಿಸಿದ ಬುಷ್.

ಮೊದಲು ಎಲ್ಲವನ್ನೂ ಪ್ಲಾಂಟ್ ಹೆಡ್ ಒಬ್ಬರೇ ನೋಡುತ್ತಿದ್ದರು. ತಿಂಗಳ ಕೊನೆಗೆ ಲೋಡ್ ಕಳಿಸುವ ಒತ್ತಡವೂ ಅವರದ್ದೇ, ಕಾಂಪೌಂಡ್ (ಸಲ್ಫರ್, ಕಾರ್ಬನ್ ಎಲ್ಲ ಬೆರೆಸಿದ ರಬ್ಬರ್) ಪಾಸ್ ಮಾಡುವ ಸಹಿಯೂ ಅವರದ್ದೇ. ಎರಡೂ ಒಂದೇ ಕೈಯಲ್ಲಿದ್ದರೆ ಗೆಲ್ಲುವುದು ಲೋಡ್. ಆದ್ದರಿಂದ ಟೆಕ್ನಿಕಲ್, ಟೂಲ್ ರೂಮ್ (ಟೂಲ್ ಅಂದರೆ ಅಚ್ಚು), ಪ್ರೊಡಕ್ಷನ್, ಕ್ವಾಲಿಟಿ, ಮಾರ್ಕೆಟಿಂಗ್ ಅಂತ ಐವರಿಗೆ ಹಂಚಿದೆವು. ಹಂಚುವಾಗ ನೋಡಿದ್ದು, ಯಾವ ಹಂತದಲ್ಲಿ ಮಾಲನ್ನು ತಡೆಯುವ ಹಕ್ಕು ಯಾರಿಗಿರಬೇಕು ಎಂದು. ಬರೆದಿಟ್ಟ ನಿಯಮ ಎರಡು. ಪ್ರೊಡಕ್ಷನ್ ಹೆಡ್ ಕಾಂಪೌಂಡ್ ಬಿಡುಗಡೆಗೂ ಡಿಸ್ಪ್ಯಾಚ್‌ಗೂ ಸಹಿ ಹಾಕುವಂತಿಲ್ಲ. ಯಾರಾದರೂ ತಡೆದ ಮಾಲನ್ನು ಎಂಡಿ ಬಿಡಿಸಬಹುದು, ಆದರೆ ಕಾರಣ ಬರೆದು ಸಹಿ ಮಾಡಿದ ಮೇಲಷ್ಟೇ. ಈ ಎರಡನೆಯ ನಿಯಮಕ್ಕೆ ಎಂಡಿಯವರೇ ಮೊದಲು ಒಪ್ಪಬೇಕು. ಅವರು ಒಪ್ಪದಿದ್ದರೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ.

ಡ್ರಾಯಿಂಗ್ ಬಂದ ದಿನವೇ ಕೊಟೇಶನ್ ಕಳಿಸುವುದನ್ನು ನಿಲ್ಲಿಸಿದೆವು. ಟೆಕ್ನಿಕಲ್, ಟೂಲ್ ರೂಮ್, ಮಾರ್ಕೆಟಿಂಗ್ ಮೂವರೂ ಒಂದೇ ಹಾಳೆಗೆ ಸಹಿ ಹಾಕಬೇಕು. ಡ್ರಾಯಿಂಗ್ ಮೇಲೆ ರಬ್ಬರನ್ನು ವರ್ಗೀಕರಿಸುವ ಎಎಸ್‌ಟಿಎಂ ಡಿ2000 ಮಾನದಂಡದ ಪ್ರಕಾರ ಎಂ2ಬಿಜಿ714 ಅಂತಿದ್ದರೆ ಅರ್ಧ ಕೆಲಸ ಹಗುರ: ಬಿ ಅಂದರೆ 100 ಡಿಗ್ರಿಯ ಶಾಖದ ವರ್ಗ, ಜಿ ಅಂದರೆ ಎಣ್ಣೆಯಲ್ಲಿ ಊತ 40% ಮೀರಬಾರದು, 7 ಅಂದರೆ ಗಡಸುತನ 70 ಶೋರ್ ಎ, 14 ಅಂದರೆ ಕನಿಷ್ಠ 14 ಮೆಗಾಪಾಸ್ಕಲ್ ಟೆನ್ಸೈಲ್ (ಎಳೆತ ತಾಳುವ ಬಲ). ಬಹಳಷ್ಟು ಡ್ರಾಯಿಂಗ್‌ಗಳಲ್ಲಿ ಮಾತ್ರ ‘ಎನ್‌ಬಿಆರ್ 70’ (ನೈಟ್ರೈಲ್ ರಬ್ಬರ್, ಗಡಸುತನ 70) ಅಂತಷ್ಟೇ ಇರುತ್ತದೆ. ಆಗ ಯಾವ ದ್ರವ, ಎಷ್ಟು ಬಿಸಿ ಅಂತ ಟೆಕ್ನಿಕಲ್ ಹೆಡ್ ಪಾರ್ಟಿಯನ್ನೇ ಕೇಳಬೇಕು. ಗ್ಲೈಕಾಲ್ ಬ್ರೇಕ್ ಫ್ಲೂಯಿಡ್‌ಗೆ ಎನ್‌ಬಿಆರ್ ನಡೆಯದು, ಇಪಿಡಿಎಂ ಎಂಬ ಬೇರೆ ಬಗೆಯ ರಬ್ಬರ್ ಬೇಕು. ಅದೇ ಇಪಿಡಿಎಂ ಎಂಜಿನ್ ಆಯಿಲ್‌ನಲ್ಲಿ ಊದಿಕೊಳ್ಳುತ್ತದೆ. 20% ಎಥನಾಲ್ ಬೆರೆತ ಪೆಟ್ರೋಲ್ ಮುಟ್ಟುವ ಪಾರ್ಟ್ ಆದರೆ, ಹಳೆಯ ಫಾರ್ಮುಲಾ ಒಪ್ಪಿಕೊಳ್ಳುವ ಮುಂಚೆ ಅದೇ ಇಂಧನದಲ್ಲಿ ಮುಳುಗಿಸಿ ಊತ ಅಳೆದು ನೋಡುತ್ತೇವೆ. ಅಳತೆಗೆ ಟಾಲರೆನ್ಸ್ (ಎಷ್ಟು ಆಚೀಚೆಯಾಗಬಹುದು ಎಂಬ ಮಿತಿ) ಕೊಟ್ಟಿಲ್ಲದಿದ್ದರೆ ಐಎಸ್‌ಒ 3302-1 ಮಾನದಂಡದ ಎಂ3 ವರ್ಗ ಎಂದು ಕೊಟೇಶನ್‌ನಲ್ಲೇ ಬರೆಯುತ್ತೇವೆ.

ಕಾಸ್ಟಿಂಗ್ ತಪ್ಪುವುದು ಹೆಚ್ಚಾಗಿ ತೂಕದಲ್ಲಿ. ಪಾರ್ಟ್ 18 ಗ್ರಾಂ ಇದ್ದರೆ ಬ್ಲ್ಯಾಂಕ್ (ಅಚ್ಚಿಗೆ ಹಾಕುವ ಹಸಿ ರಬ್ಬರ್ ತುಂಡು) 20.5 ಗ್ರಾಂ ಬೇಕಾಗುತ್ತದೆ, ಉಳಿದದ್ದು ಅಂಚಿನಲ್ಲಿ ಹೊರಬರುವ ಫ್ಲ್ಯಾಶ್. ಅಚ್ಚಿನಲ್ಲಿ 16 ಕ್ಯಾವಿಟಿ (ಪೀಸ್ ರೂಪುಗೊಳ್ಳುವ ಗುಳಿ), ಕ್ಯೂರಿಂಗ್ (ರಬ್ಬರ್ ಬೇಯಿಸುವುದು) 6 ನಿಮಿಷ, ಬಿಚ್ಚಿ ತುಂಬಲು 2 ನಿಮಿಷ ಅಂದುಕೊಳ್ಳಿ. ಶಿಫ್ಟಿನಲ್ಲಿ ನಿಜಕ್ಕೂ ಪ್ರೆಸ್ ಓಡುವ 7 ಗಂಟೆಗೆ 52 ಹೀಟ್ (ತುಂಬಿ, ಬೇಯಿಸಿ, ಬಿಚ್ಚುವ ಒಂದು ಸುತ್ತು), 832 ಪೀಸ್, ಕಾಂಪೌಂಡ್ 17 ಕೆಜಿ. 4% ರಿಜೆಕ್ಷನ್ ಕಳೆದರೆ 800 ಕೂಡ ಸಿಗುವುದಿಲ್ಲ. 18 ಗ್ರಾಂ, 8 ಗಂಟೆ ಅಂತ ಲೆಕ್ಕ ಹಾಕಿ ರೇಟ್ ಕೊಟ್ಟರೆ ಆ ನಷ್ಟವನ್ನು ಮುಂದೆ ಪ್ರೆಸ್‌ನವರು ಕ್ಯೂರಿಂಗ್ ಸಮಯ ಕದ್ದು ತುಂಬಲು ನೋಡುತ್ತಾರೆ. ಮಾರ್ಕೆಟಿಂಗ್ ಹೆಡ್‌ಗಿರುವ ತಡೆ ಒಂದೇ: ಟೂಲ್ ಅಡ್ವಾನ್ಸ್ ಬಾರದೆ ಸ್ಟೀಲ್ ಕತ್ತರಿಸುವಂತಿಲ್ಲ.

ಟೆಕ್ನಿಕಲ್ ಹೆಡ್ ಕೈಯಲ್ಲಿರುವುದು ಕಾಂಪೌಂಡ್. ಅತಿ ಹೆಚ್ಚು ಅಧಿಕಾರ ಇವರಿಗೇ ಕೊಟ್ಟಿದ್ದೇವೆ, ಯಾಕೆಂದರೆ ಇಲ್ಲಿ ಆದ ತಪ್ಪು ಮುಂದೆ ಎಲ್ಲೂ ಕಣ್ಣಿಗೆ ಬೀಳದೆ ಪಾರ್ಟಿಯ ತನಕ ಹೋಗಬಲ್ಲದು. ನಮ್ಮ ನೀಡರ್‌ನಲ್ಲಿ ಒಂದು ಬ್ಯಾಚ್ 33 ಕೆಜಿ. ಒಟ್ಟು 200 ಭಾಗದ ಫಾರ್ಮುಲಾದಲ್ಲಿ ರಬ್ಬರ್ 100 ಭಾಗ, ಸಲ್ಫರ್ ಒಂದೂವರೆ ಭಾಗ. ಅಂದರೆ ಇಡೀ ಬ್ಯಾಚಿಗೆ ಸುಮಾರು 248 ಗ್ರಾಂ. ಕಾರ್ಬನ್ ತೂಗುವ ದೊಡ್ಡ ತಕ್ಕಡಿಯಲ್ಲೇ ಇದನ್ನು ತೂಗಿ 20 ಗ್ರಾಂ ಆಚೀಚೆಯಾದರೆ 8% ವ್ಯತ್ಯಾಸ. ಆದ್ದರಿಂದ ಸಲ್ಫರ್, ಬೇಯುವುದನ್ನು ಚುರುಕಾಗಿಸುವ ಆಕ್ಸಿಲರೇಟರ್‌ಗಳಿಗೆ 1 ಗ್ರಾಂ ತೋರಿಸುವ ತಕ್ಕಡಿ ಬೇರೆ ಇಟ್ಟು, ಕಡಿಮೆ ಶಾಖಕ್ಕೇ ಕರಗುವ ಚೀಲದಲ್ಲಿ ಕಟ್ಟಿ, ಬ್ಯಾಚ್ ನಂಬರ್ ಬರೆದು, ತೂಗಿದವರೊಬ್ಬರು ನೋಡಿದವರೊಬ್ಬರು ಸಹಿ ಹಾಕುತ್ತಾರೆ. ಒಂದು ಶಿಫ್ಟಿಗೆ ಬೇಕಾದಷ್ಟೇ ಚೀಲಗಳನ್ನು ಎಣಿಸಿ ಕೊಡುವುದು. ಶಿಫ್ಟ್ ಮುಗಿದಾಗ ಮೇಜಿನ ಮೇಲೆ ಒಂದು ಚೀಲ ಉಳಿದಿದ್ದರೆ ಆ ನಂಬರಿನ ಬ್ಯಾಚ್ ಅಲ್ಲಿಗೇ ನಿಲ್ಲುತ್ತದೆ, ಪ್ರಶ್ನೆಯೇ ಇಲ್ಲ.

ಎನ್‌ಬಿಆರ್‌ನಲ್ಲಿ ಸಲ್ಫರ್ ಸುಲಭವಾಗಿ ಬೆರೆಯುವುದಿಲ್ಲ. ಮಿಲ್‌ನಲ್ಲಿ ಕೊನೆಗೆ ಹಾಕಿದರೆ ಕೊಯ್ದಾಗ ಹಳದಿ ಚುಕ್ಕೆ ಕಾಣುತ್ತದೆ, ಒಂದೇ ಪಾರ್ಟ್‌ನ ಎರಡು ಕಡೆ ಹಾರ್ಡ್‌ನೆಸ್ ಬೇರೆ ಬೇರೆ ಬರುತ್ತದೆ. ಸಲ್ಫರನ್ನು ರಬ್ಬರ್ ಜೊತೆ ಮೊದಲೇ ಹಾಕಿ, ಆಕ್ಸಿಲರೇಟರನ್ನು ಮಿಲ್‌ನಲ್ಲಿ ತಣ್ಣಗಾದ ಮೇಲೆ ಕೊಡುತ್ತೇವೆ.

ಪ್ರತಿ ಬ್ಯಾಚಿನ ತುಣುಕನ್ನೂ ರಿಯೋಮೀಟರ್‌ನಲ್ಲಿ 170 ಡಿಗ್ರಿಯಲ್ಲಿ ಓಡಿಸಿ, ಬೇಯುತ್ತಾ ಅದು ಗಟ್ಟಿಯಾಗುವ ಬಗೆಯ ಕರ್ವ್ ತೆಗೆಯುತ್ತೇವೆ. ಕರ್ವ್ ಓದಲು ಐವರಿಗೂ ಬರಬೇಕು ಎಂಬುದು ನಮ್ಮ ಹಟ. ಎಂಎಚ್ (ಕರ್ವ್ ಮುಟ್ಟುವ ಗರಿಷ್ಠ ಟಾರ್ಕ್) ಕೆಳಗಿದ್ದರೆ ಸಲ್ಫರ್ ಅಥವಾ ಕಾರ್ಬನ್ ಕಡಿಮೆ, ಇಲ್ಲವೇ ಎಣ್ಣೆ ಹೆಚ್ಚು. ಟಿಎಸ್2 (ಬೇಯಲು ಶುರುವಾಗುವ ತನಕದ ಸಮಯ) ಗಿಡ್ಡವಾಗಿದ್ದರೆ ಮಿಕ್ಸಿಂಗ್‌ನಲ್ಲಿ ಬಿಸಿ ಹೆಚ್ಚಾಗಿದೆ ಅಥವಾ ಸ್ಟಾಕ್ ಹಳೆಯದು. ಅಂಥದ್ದು ಕ್ಯಾವಿಟಿ ತುಂಬುವ ಮೊದಲೇ ಬೇಯುತ್ತದೆ, ಫ್ಲೋ ಮಾರ್ಕ್ ಬೀಳುತ್ತದೆ. ಏಪ್ರಿಲ್ ಮಧ್ಯಾಹ್ನದ ಶೆಡ್ಡಿನಲ್ಲಿ ಇದು ಬೇಗ ಕೆಡುವುದರಿಂದ 25 ಡಿಗ್ರಿಯ ಕೋಣೆ, 15 ದಿನದ ಗಡಿ. ದಾಟಿದರೆ ಮತ್ತೆ ಟೆಸ್ಟ್. “ಸಾರ್, ಗಾಡಿ ಹೊರಗೆ ನಿಂತಿದೆ, ಒಂದು ಬ್ಯಾಚ್ ತಾನೆ” ಎಂಬ ಮಾತು ಬಂದೇ ಬರುತ್ತದೆ. ಉತ್ತರ ಕೊಡಬೇಕಾದ್ದು ಕರ್ವ್.

ಬೆಳಿಗ್ಗೆ 8:45ಕ್ಕೆ ಪ್ರೆಸ್ ಪಕ್ಕದಲ್ಲೇ ನಿಂತು 20 ನಿಮಿಷ ಮಾತು. ಕೈಯಲ್ಲಿ ಮೂರು ಹಾಳೆ: ಹಿಂದಿನ ದಿನದ ಕರ್ವ್‌ಗಳು, ಕ್ಯಾವಿಟಿವಾರು ರಿಜೆಕ್ಷನ್, ಇವತ್ತಿನ ಲೋಡ್. ಜಗಳ ತಗ್ಗಿಸಿದ್ದು ಎರಡನೆಯ ಹಾಳೆ. ಪ್ರತಿ ಕ್ಯಾವಿಟಿಯಲ್ಲೂ ನಂಬರ್ ಕೆತ್ತಿಸಿರುವುದರಿಂದ ಕೆಟ್ಟ ಪೀಸ್ ಎಲ್ಲಿಂದ ಬಂತು ಅಂತ ತಿಳಿಯುತ್ತದೆ. ಒಂದೇ ಕ್ಯಾವಿಟಿ ಆದರೆ ಟೂಲ್ ರೂಮ್ ಕೆಲಸ. ನಾಲ್ಕು ಮೂಲೆಯ 1, 4, 13, 16 ಮಾತ್ರ ಬೇಯದಿದ್ದರೆ ಪ್ಲೇಟನ್‌ನ (ಪ್ರೆಸ್‌ನ ಬಿಸಿ ತಟ್ಟೆಯ) ಅಂಚು ತಣ್ಣಗಿದೆ. ಒಂಬತ್ತು ಜಾಗದಲ್ಲಿ ಪೈರೋಮೀಟರ್ ಇಟ್ಟು ನೋಡಿ, 3 ಡಿಗ್ರಿಗಿಂತ ಹೆಚ್ಚು ಏರುಪೇರಿದ್ದರೆ ಹೀಟರ್ ಬದಲಿಸಬೇಕು. 16ರಲ್ಲೂ ಒಂದೇ ದೋಷ ಇದ್ದರೆ ಕಾಂಪೌಂಡ್ ಅಥವಾ ಸೆಟ್ಟಿಂಗ್ ಕಡೆ ನೋಡಬೇಕು.

ಅಚ್ಚಿನ ಭಾಗಗಳು ಕೂಡುವ ಪಾರ್ಟಿಂಗ್ ಲೈನ್ ಹತ್ತಿರ ರಬ್ಬರ್ ಒಳಮುಖವಾಗಿ ಕಿತ್ತು ಬರುವ ಬ್ಯಾಕ್‌ರೈಂಡಿಂಗ್ ಮಾತ್ರ ಯಾರೊಬ್ಬರ ತಪ್ಪಿಗೂ ಸಿಗುವುದಿಲ್ಲ. ಬಿಸಿಯಾದಾಗ ರಬ್ಬರ್ ಸ್ಟೀಲ್‌ಗಿಂತ ಹತ್ತು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಮುಚ್ಚಿದ ಕ್ಯಾವಿಟಿಯಲ್ಲಿ ಆ ಒತ್ತಡ ಉಳಿದು, ಪ್ರೆಸ್ ತೆರೆದೊಡನೆ ಅಂಚು ಸಿಡಿಯುತ್ತದೆ. ನಾವು ಮೊದಲು ಬ್ಲ್ಯಾಂಕ್ ತೂಕ ಇಳಿಸುತ್ತೇವೆ, ಆಮೇಲೆ 10 ಡಿಗ್ರಿ ತಗ್ಗಿಸಿ ಸಮಯ ಸುಮಾರು ಎರಡು ಪಟ್ಟು ಮಾಡುತ್ತೇವೆ, ಟೂಲ್ ಮುಟ್ಟುವುದು ಕೊನೆಗೆ.

ಕ್ವಾಲಿಟಿ ಹೆಡ್ ನಿಜವಾಗಿ ಕೆಲಸಕ್ಕೆ ಬರುವುದು ಬಾಂಡೆಡ್ (ಲೋಹಕ್ಕೆ ಕಚ್ಚಿಸಿದ) ಪಾರ್ಟ್‌ಗಳಲ್ಲಿ. ಪ್ರತಿ ಲಾಟಿನಿಂದ ತೆಗೆದ ಬುಷ್‌ಗಳನ್ನು ವೈಸ್‌ಗೆ ಕಚ್ಚಿ, ಇಕ್ಕಳದಿಂದ ರಬ್ಬರ್ ಕಿತ್ತು, ಲೋಹದ ಮುಖವನ್ನು ಬೆಳಕಿಗೆ ಹಿಡಿದು ನೋಡುತ್ತೇವೆ. ಮುಖದ ತುಂಬ ಕಪ್ಪು ರಬ್ಬರ್ ಉಳಿದಿದ್ದರೆ ಬಾಂಡ್ ಸರಿಯಾಗಿದೆ, ರಬ್ಬರೇ ಹರಿದಿದೆ. ಬೋಳು ಲೋಹ ಹೊಳೆದರೆ ಡಿಗ್ರೀಸಿಂಗ್ ಅಥವಾ ಬ್ಲಾಸ್ಟಿಂಗ್ ಕೆಟ್ಟಿದೆ. ಪ್ರೈಮರ್ (ಲೋಹಕ್ಕೆ ಮೊದಲು ಬಳಿಯುವ ಪದರ) ಉಳಿದು ಮೇಲಿನ ಅಂಟು ರಬ್ಬರ್ ಜೊತೆ ಹೋಗಿದ್ದರೆ ಪ್ರೈಮರ್ ಒಣಗುವ ಮೊದಲೇ ಅಂಟು ಬಳಿದಿದ್ದಾರೆ, ಇಲ್ಲವೇ ಅದರ ಮೇಲೆ ಧೂಳು ಕೂತಿದೆ. ನುಣ್ಣನೆಯ ಅಂಟಿನ ಪದರ ಪೂರ್ತಿ ಉಳಿದು ರಬ್ಬರ್ ಮಾತ್ರ ಬಿಟ್ಟಿದ್ದರೆ ಪ್ರೆಸ್‌ಗೆ ಹೋಗಿ: ಬಿಸಿ ಟೂಲ್‌ನಲ್ಲಿ ಇನ್ಸರ್ಟ್ (ಲೋಹದ ತುಂಡು) ಹೊತ್ತುಗಟ್ಟಲೆ ಕೂತು, ರಬ್ಬರ್ ಮುಟ್ಟುವ ಮುಂಚೆಯೇ ಅಂಟು ಬೆಂದಿದೆ, ಅಥವಾ ಮೌಲ್ಡ್ ರಿಲೀಸ್ ಸ್ಪ್ರೇ ಅದರ ಮೇಲೆ ಬಿದ್ದಿದೆ. ಇನ್ಸರ್ಟ್‌ಗಳನ್ನು ಒಂದೊಂದಾಗಿ ಇಡುವ ಬದಲು 16ನ್ನೂ ಒಟ್ಟಿಗೆ ಇಳಿಸುವ ಲೋಡಿಂಗ್ ಪ್ಲೇಟ್ ಮಾಡಿಸಿದ್ದು ಇದಕ್ಕೇ. ಅಂಟಿನ ಡಬ್ಬದ ತಳದಲ್ಲಿ ಗಸಿ ಕೂರುತ್ತದೆ, ಚೆನ್ನಾಗಿ ಕಲಕದೆ ಬಳಿದರೆ ಪದರವೇ ತೆಳುವಾಗುತ್ತದೆ; ಪ್ರೈಮರ್ 5ರಿಂದ 10 ಮೈಕ್ರಾನ್, ಮೇಲಿನ ಅಂಟು 15ರಿಂದ 25 ಇರುವಂತೆ ನೋಡಿಕೊಳ್ಳುತ್ತೇವೆ. ಕಿತ್ತ ಬುಷ್‌ಗಳನ್ನು ಲಾಟ್ ನಂಬರ್ ಕಟ್ಟಿ ಬೆಳಗಿನ ಸಭೆಗೆ ತರುವುದು ಕಡ್ಡಾಯ.

ಹೆಡ್ ರಜೆ ಹಾಕಿದ ದಿನ ಇದೆಲ್ಲ ಸಡಿಲವಾಗುತ್ತದೆ. ಅದಕ್ಕೆ ಪ್ರತಿಯೊಬ್ಬರಿಗೂ ಒಬ್ಬ ಎರಡನೆಯವರ ಹೆಸರು ಬೋರ್ಡಿನ ಮೇಲಿದೆ. ಬುಧವಾರಗಳಂದು ಹೆಡ್ ಪ್ಲಾಂಟ್‌ನಲ್ಲಿದ್ದರೂ ಕರ್ವ್ ನೋಡಿ ಬ್ಯಾಚ್ ಬಿಡುವುದು, ಕೆಂಪು ಟ್ಯಾಗ್ ಕಟ್ಟುವುದು, ಲೋಡ್ ತಡೆಯುವುದು ಎಲ್ಲ ಆ ಎರಡನೆಯವರದ್ದೇ ಸಹಿ. ಹೆಡ್ ಸಂಜೆ ಕೂತು ಆ ಸಹಿಗಳನ್ನು ಒಂದೊಂದಾಗಿ ಅವರ ಜೊತೆಗೇ ತಿರುವಿ ನೋಡುತ್ತಾರೆ.