ಮುಖಕ್ಕೆ ಸೂಜಿ ಮುಟ್ಟಿಸದೆ ಬಂಗು ಇಳಿಸಿದ್ದು: ನನ್ನ ಅನುಭವ

"ಬಂಗು ಇರೋದು ಕೆನ್ನೆ ಮೇಲೆ, ನೀನು ಕಾಲಿಗೆ ಚುಚ್ಚುತ್ತೀಯಲ್ಲ?" ಅಂತ ಚೀನಾದ ಗ್ವಾಂಗ್‌ಝೌನಲ್ಲಿ ನನ್ನ ಜೊತೆ ಚೀನೀ ವೈದ್ಯ ಕಲಿತವರೇ ನಕ್ಕಿದ್ದರು. ಈಗ ಅವರೇ ತಮ್ಮ ಪೇಷಂಟ್‌ಗಳನ್ನು ನನ್ನ ಹತ್ತಿರ ಕಳಿಸುತ್ತಾರೆ. ಹಾಗಾಗಿ ಸ್ವಲ್ಪ ಧೈರ್ಯವಾಗಿಯೇ ಬರೆಯುತ್ತಿದ್ದೇನೆ.

ಇಲ್ಲಿ ಬಂಗಿಗೆ ಹ್ವೋ ಝೆನ್ ಜಾಸ್ತಿ ನಡೆಯುತ್ತದೆ. ಕೆಂಪಗೆ ಕಾಯಿಸಿದ ಸೂಜಿಯನ್ನು ಕಲೆಯ ಮೇಲೆ ಮುಟ್ಟಿಸಿ ತೆಗೆಯುವುದು. ವ್ಯಾಪಾರಕ್ಕೆಂದು ಬಂದು ಇಲ್ಲೇ ನೆಲೆಸಿದ ಭಾರತೀಯ ಕುಟುಂಬಗಳ ಹೆಂಗಸರಿಗೆ ಅದು ಸರಿಹೋಗಲಿಲ್ಲ. ಹಕ್ಕಳೆ ಉದುರಿದ ಕಡೆಯೆಲ್ಲ ಕಂದು ಚುಕ್ಕೆ ನಿಂತವು, ಕೆಲವರಿಗೆ ತಿಂಗಳುಗಟ್ಟಲೆ. ನಮ್ಮ ಬಣ್ಣದ ಚರ್ಮ ಸಣ್ಣ ಗಾಯಕ್ಕೂ ಕಪ್ಪಾಗುತ್ತದೆ ಅಲ್ವಾ. ಅಲ್ಲಿಗೆ ಮುಖದ ಮೇಲಿನ ಸೂಜಿ ಬಿಟ್ಟೆ.

ಆಮೇಲೆ ಲೇಪ. ಛೀ ಬಾಯ್ ಗಾವ್, ಅದೇ ಏಳು ಬಿಳಿ ಮದ್ದುಗಳದ್ದು, ಮೊಟ್ಟೆಯ ಬಿಳಿಯಲ್ಲಿ ಕಲೆಸಿ ಹಚ್ಚುವುದು. ಹೆಸರೇನೋ ದೊಡ್ಡದು. ಆದರೆ ಅದರಲ್ಲಿರುವ ಬಾಯ್ ಝೀ ಬೇರು ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡುತ್ತದೆ. ಬೆಳಿಗ್ಗೆ ಹಚ್ಚಿ ತೊಳೆದು ತರಕಾರಿ ತರಲು ಹೋದವರ ಕೆನ್ನೆ ಸಂಜೆಗೆ ಉರಿಯುತ್ತಿತ್ತು. ಮುತ್ತಿನ ಪುಡಿಗೂ ದುಡ್ಡು ಸುರಿದೆ. ಮುಖ ನುಣ್ಣಗಾಯಿತು, ಬಂಗು ಮಾತ್ರ ಇದ್ದಲ್ಲೇ ಇತ್ತು.

ಕೊನೆಗೆ ಮುಖ ಬಿಟ್ಟು ಮುಟ್ಟಿನ ಕಡೆ ನೋಡಿದೆ. ಒಳಗೆ ರಕ್ತ ಕಟ್ಟಿಕೊಂಡರೆ ಮುಖದಲ್ಲಿ ಬಂಗು ಏಳುತ್ತದೆ ಅನ್ನುವುದು ಚೀನೀ ವೈದ್ಯದ ಲೆಕ್ಕ, ಅದರ ಗುರುತು ಹುಡುಕಿದೆ. ನಾಲಿಗೆ ಮೇಲೆತ್ತಿಸಿದಾಗ ಕೆಳಗಿನ ರಕ್ತನಾಳ ದಪ್ಪಗೆ, ನೇರಳೆಯಾಗಿ ಕಾಣಬೇಕು. ತಂತಿಯಂತೆ ಬಿಗಿದ ನಾಡಿ, ಮುಟ್ಟಿಗೆ ಮುಂಚೆ ಸ್ತನಗಳಲ್ಲಿ ನೋವು, ಸಿಡುಕು, ಹೋಗುವಾಗ ಗಂಟುಗಂಟು ರಕ್ತ. ಇವಿಷ್ಟೂ ಒಟ್ಟಿಗೆ ಸಿಕ್ಕರೆ ನನ್ನ ಅರ್ಧ ಕೆಲಸ ಮುಗಿದ ಹಾಗೆ. ಶ್ಯಾವ್ ಯಾವ್ ಸಾನ್ ಎಂಬ ಹಳೆಯ ಗಿಡಮೂಲಿಕೆ ಕಷಾಯ ಇಟ್ಟುಕೊಂಡು ಅದಕ್ಕೆ ಪೀಚ್ ಬೀಜ, ಕುಸುಬೆ ಹೂ ಸೇರಿಸುತ್ತೇನೆ. ಕುಸುಬೆ 6 ಗ್ರಾಂ ದಾಟಿಸುವುದಿಲ್ಲ. ಸೂಜಿ ತಾಯ್ ಛೊಂಗ್, ಸಾನ್ ಯಿನ್ ಜ್ಯಾವ್, ಶ್ವೇ ಹಾಯ್ ಎಂಬ ಕಾಲಿನ ಬಿಂದುಗಳಿಗೆ, ವಾರಕ್ಕೆ ಎರಡು ಸಲ. ಬೆನ್ನಿಗೆ ಗ ಶೂ ಎಂಬ ಬಿಂದುವಿನ ಸುತ್ತ ಕಪ್ಪಿಂಗ್, ಅಂದರೆ ಬಟ್ಟಲು ಕೂರಿಸಿ ಚರ್ಮ ಎಳೆಯುವುದು. ಗರ್ಭಿಣಿಯರಿಗೆ, ರಕ್ತ ತೆಳು ಮಾಡುವ ಮಾತ್ರೆ ನುಂಗುವವರಿಗೆ ಇದು ಬೇಡವೇ ಬೇಡ. ಸುಸ್ತು ಜಾಸ್ತಿ, ನಾಲಿಗೆ ಅಂಚಿನಲ್ಲಿ ಹಲ್ಲಿನ ಗುರುತು ಇದ್ದವರಿಗೆ ಮೊದಲು ಹೊಟ್ಟೆ ಸರಿ ಮಾಡಬೇಕು. ಈ ಊರಿನ ಜನ ಮೂರು ಹೊತ್ತೂ ಕುಡಿಯುವ ಲ್ಯಾಂಗ್ ಛಾ ಎಂಬ ತಂಪು ಕಷಾಯ ಬಿಡಿಸಿದ್ದೇ ಕೆಲವರಿಗೆ ದೊಡ್ಡ ಚಿಕಿತ್ಸೆಯಾಯಿತು. ಮೂರನೇ ತಿಂಗಳು ಕಷಾಯದಲ್ಲಿ ಒಂದು ಬೇರು ತೆಗೆದು ಇನ್ನೊಂದು ಹಾಕುತ್ತೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ದುಡ್ಡಿನ ವಿಷಯಕ್ಕೆ ಬರೋಣ. ಮೊದಲು ದಿನದ ಕಷಾಯದ ಪೊಟ್ಟಣಕ್ಕೆ 30 ಯುವಾನ್ ಹತ್ತಿರ ಬೀಳುತ್ತಿತ್ತು. ತಿಂಗಳಿಗೆ 900 ಅಂದರೆ ಯಾರು ಕೊಡುತ್ತಾರೆ? ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದರು. ಇಲ್ಲಿನ ಗಿಡಮೂಲಿಕೆಯ ಛಿಂಗ್‌ಪಿಂಗ್ ಮಾರ್ಕೆಟ್‌ಗೆ ನಾನೇ ಹೋಗಿ, ಈ ಕಷಾಯಕ್ಕೆ ಬೇಕಾದ ಡಾಂಗ್ ಗ್ವೇ ಬೇರನ್ನು, ಗಾನ್ಸು ಪ್ರಾಂತ್ಯದ್ದು, ಸಗಟಾಗಿ ತಂದ ಮೇಲೆ ಹದಿನೆಂಟರ ಆಸುಪಾಸಿಗೆ ಇಳಿಯಿತು. ಒಂದು ಸಲ ಅಗ್ಗಕ್ಕೆ ಸಿಕ್ಕಿತೆಂದು ಕಿಲೋಗಟ್ಟಲೆ ಕುಸುಬೆ ಹೂ ತಂದೆ. ಗಾಜಿನ ಲೋಟದ ನೀರಿಗೆ ಒಂದು ಚಿಟಿಕೆ ಹಾಕಿದರೆ ನೀರೇ ಕೆಂಪು! ಒಳ್ಳೆಯ ಹೂವಾದರೆ ನೀರು ಹಳದಿಯಾಗುತ್ತದೆ, ಎಸಳು ಕೆಂಪಾಗಿಯೇ ಉಳಿಯುತ್ತದೆ. ಬಣ್ಣ ಹಾಕಿದ ಮಾಲು, ಅಷ್ಟನ್ನೂ ಕಸಕ್ಕೆ ಹಾಕಿದೆ.

ಆ ಸಿಟ್ಟಿಗೆ ರಜೆಯಲ್ಲಿ ಊರಿಗೆ ಹೋದಾಗ ಸಿಂದಗಿ ಕಡೆಯ ಹೊಲದಲ್ಲಿ ಕುಸುಬೆ ಎಸಳು ನಾನೇ ಕಿತ್ತೆ. ಎಣ್ಣೆಗೆ ಬೆಳೆಯುವ ಬೆಳೆ, ಮೈತುಂಬ ಮುಳ್ಳು. ಹಳದಿ ಕೆಂಪಿಗೆ ತಿರುಗಿದ ಹೂ ಮಾತ್ರ ಬೇಕು. ಬೆಳಗಿನಿಂದ ಮಧ್ಯಾಹ್ನದವರೆಗೆ ಕಿತ್ತು ಒಣಗಿಸಿದರೆ ಒಂದು ಹಿಡಿ. ಅತ್ತೆ "ಕಾಳು ಬಿಟ್ಟು ಹೂವು ಆರಿಸ್ತಾರೇನು?" ಅಂತ ಬೈದರು. ಲೋಟದ ಪರೀಕ್ಷೆಯಲ್ಲಂತೂ ಪಾಸಾಯಿತು. ಕೂಲಿ ಕೊಟ್ಟು ಕೀಳಿಸಿದರೆ ಮಾತ್ರ ಗಿಟ್ಟುವುದಿಲ್ಲ.

ನೆನಪಿನಿಂದ ಹೇಳುವುದಾದರೆ, ಹತ್ತು ಜನರಲ್ಲಿ ಆರೇಳು ಮಂದಿಗೆ ನಾಲ್ಕು ತಿಂಗಳಲ್ಲಿ ಬಂಗು ಅರ್ಧಕ್ಕರ್ಧ ತಿಳಿಯಾಯಿತು. ಒಂದೇ ಕಿಟಕಿ, ಒಂದೇ ಫೋನು, ಒಂದೇ ಹೊತ್ತಿನ ಫೋಟೊ ಇಟ್ಟಿದ್ದೇನೆ. ಬೂದು-ನೀಲಿ ಬಣ್ಣದ ಆಳದ ಬಂಗು ಅಲ್ಲಾಡಲಿಲ್ಲ. "ಇದು ನಿನ್ನ ಕಷಾಯ ಅಲ್ಲ, ಸನ್‌ಸ್ಕ್ರೀನ್" ಅಂದವರೂ ಇದ್ದಾರೆ. ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಹಚ್ಚದವರನ್ನು ನಾನು ತೆಗೆದುಕೊಳ್ಳುವುದೇ ಇಲ್ಲ, ನಿಜ. ಆದರೆ ನನ್ನ ಪೇಷಂಟ್‌ಗಳಲ್ಲಿ ಜಾಸ್ತಿ ಜನ ಅದನ್ನು ವರ್ಷಗಟ್ಟಲೆ ಹಚ್ಚಿ ಸೋತು ಬಂದವರು.

ಸ್ಟೀರಾಯ್ಡ್ ಕ್ರೀಮ್ ಹಚ್ಚಿ ಮುಖ ಕೆಂಪಾಗಿ ಬರುವವರಿಗೆ ನಾನು ಸೂಜಿ ಚುಚ್ಚುವುದಿಲ್ಲ. ಮೊದಲು ಚರ್ಮದ ಡಾಕ್ಟರ ಹತ್ತಿರ ಕಳಿಸುತ್ತೇನೆ. ಆ ದಿನ ಫೀಸ್ ಕೂಡ ತೆಗೆದುಕೊಳ್ಳುವುದಿಲ್ಲ, ಅದಕ್ಕೇ ನಮ್ಮ ಕ್ಲಿನಿಕ್ಕಿನ ಲೆಕ್ಕದವನಿಗೆ ನನ್ನ ಮೇಲೆ ಯಾವಾಗಲೂ ಮುನಿಸು.