ಒಇಟಿಗೆ ಪದ ಕಲಿಯುವುದು: ಕೇಸ್‌ಶೀಟಿನ ಇಂಗ್ಲಿಷ್ ಸಾಲದು

ನರ್ಸಿಂಗ್ ಮುಗಿಸಿ, ವಾರ್ಡಿನಲ್ಲಿ ಒಂದಷ್ಟು ವರ್ಷ ದುಡಿದು, ಇಂಗ್ಲೆಂಡಿಗೋ ಐರ್ಲೆಂಡಿಗೋ ಹೊರಟವರು ಮಂಗಳೂರಿನ ನನ್ನ ಒಇಟಿ (ಆಸ್ಪತ್ರೆ ಕೆಲಸದವರಿಗಾಗಿಯೇ ಇರುವ ಇಂಗ್ಲಿಷ್ ಪರೀಕ್ಷೆ) ಕ್ಲಾಸಿಗೆ ಬರುತ್ತಾರೆ. ಮೊದಲ ದಿನವೇ ಒಂದು ಪ್ರಶ್ನೆ: "ಮ್ಯಾಡಂ, ವೊಕ್ಯಾಬುಲರಿ ಪಿಡಿಎಫ್ ಇದ್ರೆ ವಾಟ್ಸಾಪ್ ಮಾಡ್ತೀರಾ?" ನಾನು ಮಾಡುವುದಿಲ್ಲ. ಅಂಥ ನಾಲ್ಕೈದು ಪಿಡಿಎಫ್ ಅವರ ಫೋನಿನಲ್ಲಿ ಆಗಲೇ ಬಿದ್ದಿರುತ್ತವೆ. 'ಪ್ಲೆಥೊರಾ', 'ಮಿರಿಯಡ್' ಅಂತ ಶುರುವಾಗುವ ಪಟ್ಟಿಗಳು. ಎದೆನೋವಿನ ಪೇಷಂಟ್ ಮುಂದೆ 'ಪ್ಲೆಥೊರಾ' ತಗೊಂಡು ಏನು ಮಾಡುತ್ತೀರಿ?

ನಮ್ಮ ನರ್ಸ್‌ಗಳಿಗೆ ದೊಡ್ಡ ಪದಗಳ ಕೊರತೆ ಇಲ್ಲ. ಟ್ಯಾಕಿಕಾರ್ಡಿಯಾ, ಹೆಮಟೂರಿಯಾ, ಡಿಸ್ಪ್ನಿಯಾ ಎಲ್ಲ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಗೊತ್ತಿಲ್ಲದಿರುವುದು ಕಾಯಿಲೆಯವರ ಬಾಯಿಂದ ಬರುವ ಸಣ್ಣ ಪದಗಳು. ಆಡಿಯೋದಲ್ಲಿ ಒಬ್ಬಾಕೆ 'ಐ ವಾಸ್ ಸಿಕ್ ಟ್ವೈಸ್ ಇನ್ ದ ನೈಟ್' ಅಂದರೆ ಅರ್ಧ ಕ್ಲಾಸು 'ಅನಾರೋಗ್ಯ' ಅಂತ ಬರೆದುಕೊಳ್ಳುತ್ತದೆ. ಬ್ರಿಟಿಷರ ಬಾಯಲ್ಲಿ ಅದು ವಾಂತಿ. ರಾತ್ರಿ ಎರಡು ಸಲ ವಾಂತಿಯಾಗಿದೆ ಅಂತ ಆಕೆ ಹೇಳುತ್ತಿದ್ದಾಳೆ.

ಪರೀಕ್ಷೆ ಎಲ್ಲಿ ಏನು ಕೇಳುತ್ತದೆ ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ಲಿಸನಿಂಗ್‌ನ 42 ಪ್ರಶ್ನೆಗಳಲ್ಲಿ 24 ಪಾರ್ಟ್ ಎ ಒಂದರಲ್ಲೇ ಇವೆ. ಪೇಷಂಟ್ ಮಾತಾಡುತ್ತಾ ಹೋಗುತ್ತಾರೆ, ನೀವು ನೋಟ್ಸ್‌ನ ಖಾಲಿ ಜಾಗ ತುಂಬಬೇಕು, ಆಡಿಯೋ ಒಂದೇ ಸಲ. ರೈಟಿಂಗ್‌ನಲ್ಲಿ 45 ನಿಮಿಷದೊಳಗೆ ಸುಮಾರು 180ರಿಂದ 200 ಪದಗಳ ಪತ್ರ, ಹೆಚ್ಚಾಗಿ ರೆಫರಲ್ ಲೆಟರ್, ಅಂದರೆ ಪೇಷಂಟನ್ನು ಇನ್ನೊಬ್ಬರ ಕಡೆಗೆ ಕಳಿಸುವಾಗ ಬರೆಯುವ ಪತ್ರ. ಸ್ಪೀಕಿಂಗ್‌ನಲ್ಲಿ ತಲಾ ಐದು ನಿಮಿಷದ ಎರಡು ರೋಲ್‌ಪ್ಲೇ: ನೀವು ನರ್ಸ್, ಎದುರಿಗಿರುವವರು ಪೇಷಂಟ್. ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್ ಎನ್‌ಎಂಸಿ ಲಿಸನಿಂಗ್, ರೀಡಿಂಗ್, ಸ್ಪೀಕಿಂಗ್ ಮೂರರಲ್ಲೂ ತಲಾ 350 ಅಂಕ ಕೇಳುತ್ತದೆ, ರೈಟಿಂಗ್‌ಗೆ 300 ಸಾಕು. ಈ ನಾಲ್ಕರಲ್ಲಿ ಯಾವುದಕ್ಕೂ ಅಲಂಕಾರದ ಇಂಗ್ಲಿಷ್ ಬೇಕಿಲ್ಲ.

ಇನ್ನು ಕೆಲಸಕ್ಕೆ ಬರೋಣ. ಇನ್ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ಎ ಇಂದ ಝಡ್‌ವರೆಗೆ ಅಕ್ಷರ ಹಾಕಿಕೊಳ್ಳಬೇಡಿ, ತೊಂದರೆಯ ಹೆಸರು ಹಾಕಿ: ಉಸಿರು, ಹೊಟ್ಟೆ, ಮೂತ್ರ, ತಲೆಸುತ್ತು, ನೋವು, ನಿದ್ದೆ, ಮನಸ್ಸು. ಪುಸ್ತಕ ತೆರೆದಾಗ ಎಡಗಡೆ ಬರುವ ಪುಟದಲ್ಲಿ ಕೇಸ್‌ಶೀಟಿನ ಪದ, ಬಲಗಡೆ ಪೇಷಂಟ್ ಹೇಳುವ ಮಾತು. ಉಸಿರಿನ ಪುಟ ನೋಡಿ. ಎಡಕ್ಕೆ 'ಡಿಸ್ಪ್ನಿಯಾ' ಒಂದೇ. ಬಲಕ್ಕೆ 'ಶಾರ್ಟ್ ಆಫ್ ಬ್ರೆತ್', 'ಔಟ್ ಆಫ್ ಬ್ರೆತ್', 'ಐ ಕಾಂಟ್ ಕ್ಯಾಚ್ ಮೈ ಬ್ರೆತ್', 'ಪಫ್ಡ್ ಔಟ್', 'ಮೈ ಚೆಸ್ಟ್ ಫೀಲ್ಸ್ ಟೈಟ್'. ತಲೆಸುತ್ತಿನ ಪುಟದಲ್ಲಿ 'ಡಿಜ್ಜಿ', 'ಲೈಟ್‌ಹೆಡೆಡ್', 'ದ ರೂಮ್ ವಾಸ್ ಸ್ಪಿನ್ನಿಂಗ್', 'ಐ ನಿಯರ್ಲಿ ಪಾಸ್ಡ್ ಔಟ್'. ಇವೆಲ್ಲ ಒಂದೇ ಅಲ್ಲ ಅನ್ನುವುದು ನರ್ಸ್ ಆದ ನಿಮಗೆ ಗೊತ್ತೇ ಇದೆ: ಕೋಣೆ ತಿರುಗಿದ ಹಾಗಾಗುವುದಕ್ಕೂ ಕಣ್ಣು ಕತ್ತಲೆ ಬರುವುದಕ್ಕೂ ಡಾಕ್ಟರ್ ಬೇರೆ ಬೇರೆ ಪ್ರಶ್ನೆ ಕೇಳುತ್ತಾರೆ. ಆ ವ್ಯತ್ಯಾಸವನ್ನು ಪಕ್ಕದಲ್ಲೇ ಕನ್ನಡದಲ್ಲಿ ಬರೆದಿಡಿ. ಕನ್ನಡ ಬರೆದರೆ ಇಂಗ್ಲಿಷ್ ಬರುವುದಿಲ್ಲ ಅಂತ ಹೆದರಿಸುವವರ ಮಾತಿಗೆ ಕಿವಿಗೊಡಬೇಡಿ. ಕಾಲು ಜುಮ್ಮೆನ್ನುವುದು ಅಂತ ಬರೆದುಕೊಂಡವಳಿಗೆ 'ಪಿನ್ಸ್ ಅಂಡ್ ನೀಡಲ್ಸ್' ಮರೆಯುವುದಿಲ್ಲ.

ಬಲಗಡೆ ಪುಟ ತುಂಬಲು ಒಳ್ಳೆಯ ಜಾಗ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ವೆಬ್‌ಸೈಟ್. ದುಡ್ಡಿಲ್ಲ, ಲಾಗಿನ್ ಇಲ್ಲ. ಕಾಯಿಲೆಗಳ ಹೆಸರು ಅಕ್ಷರಮಾಲೆಯ ಕ್ರಮದಲ್ಲಿದೆ, ಓದುಬರಹ ಕಡಿಮೆ ಇರುವವರಿಗೂ ತಿಳಿಯಲಿ ಅಂತ ಬರೆದ ಇಂಗ್ಲಿಷ್. 'ಪೀ', 'ಪೂ', 'ಟಮ್ಮಿ' ಅಂತ ನೇರವಾಗಿ ಹಾಕಿದ್ದಾರೆ. ಮೊದಲ ಸಲ ಓದುವಾಗ ನಮ್ಮ ಹುಡುಗಿಯರು ನಾಚಿಕೊಂಡು ನಗುತ್ತಾರೆ. ನಗಲಿ, ಆದರೆ ಬಾಯಿಬಿಟ್ಟು ಓದಲಿ. ದಿನಕ್ಕೆ ಒಂದು ಕಾಯಿಲೆ, ಅದರಿಂದ ಏಳೆಂಟು ಪದ ಅಥವಾ ಮಾತು, ಅಷ್ಟೇ. ನೈಟ್ ಡ್ಯೂಟಿ ಮಾಡಿ ಬಂದವಳು ಐವತ್ತು ಪದ ಕಲಿಯುತ್ತೇನೆ ಅಂದರೆ ನಾನು ನಂಬುವುದಿಲ್ಲ.

ಇದರ ಜೊತೆಗೇ ಪುಸ್ತಕದ ಕೊನೆಯಿಂದ ಹಿಂದಕ್ಕೆ ಇನ್ನೊಂದು ಪಟ್ಟಿ ಶುರುಮಾಡಿ. ನಮ್ಮ ಆಸ್ಪತ್ರೆಯಲ್ಲಿ ಮಾತ್ರ ಓಡುವ ಇಂಗ್ಲಿಷಿನದು. 'ಲೂಸ್ ಮೋಷನ್' ಬೇಡ, 'ಡಯರಿಯಾ' ಅನ್ನಿ. 'ವಾಮಿಟಿಂಗ್ ಸೆನ್ಸೇಷನ್' ಬದಲು 'ನಾಜಿಯಾ', ಪೇಷಂಟ್ ಎದುರಾದರೆ 'ಫೀಲಿಂಗ್ ಸಿಕ್'. 'ಬರ್ನಿಂಗ್ ಮಿಕ್ಚುರಿಷನ್' ನಮ್ಮಲ್ಲಿ ಎಲ್ಲ ಕೇಸ್‌ಶೀಟಿನಲ್ಲೂ ಇರುತ್ತದೆ, ಅಲ್ಲಿ ಪೇಷಂಟ್‌ಗೆ ಕೇಳುವುದು 'ಡಸ್ ಇಟ್ ಬರ್ನ್ ವೆನ್ ಯೂ ಪೀ?'. ಕೇರಳದ ಕಡೆಯಿಂದ ಬಂದು ಮಂಗಳೂರಿನಲ್ಲೂ ಕಿವಿಗೆ ಬೀಳುವ 'ಬೈಸ್ಟ್ಯಾಂಡರ್' ಇದೆಯಲ್ಲ, ಪೇಷಂಟ್ ಜೊತೆ ರಾತ್ರಿ ನಿಲ್ಲುವವರು, ಅದನ್ನಂತೂ ಪತ್ರದಲ್ಲಿ ಬರೆಯಲೇಬೇಡಿ. ರಸ್ತೆಯಲ್ಲಿ ಆಕ್ಸಿಡೆಂಟ್ ನೋಡುತ್ತಾ ನಿಂತವನು ಅಂತ ಅಲ್ಲಿಯವರು ತಿಳಿಯುತ್ತಾರೆ. 'ರಿಲೇಟಿವ್' ಅನ್ನಿ, ನೋಡಿಕೊಳ್ಳುವವರಾದರೆ 'ಕೇರರ್'. ಪತ್ರದ ಕೊನೆಗೆ 'ಡೂ ದ ನೀಡ್‌ಫುಲ್' ಕೂಡ ಬೇಡ. ಏನು ಮಾಡಬೇಕೋ ಅದನ್ನೇ ಬರೆಯಿರಿ: ಗಾಯದ ಡ್ರೆಸ್ಸಿಂಗ್ ಬದಲಿಸಬೇಕೋ, ಶುಗರ್ ನೋಡಬೇಕೋ.

ಪತ್ರದಲ್ಲಿ ಮಾರ್ಕ್ಸ್ ಹೋಗುವುದು ಪದ ಗೊತ್ತಿಲ್ಲದೆ ಅಲ್ಲ, ಪದದ ಬಾಲ ತಪ್ಪಿ. ಹಾಗಾಗಿ 'ಅಲರ್ಜಿಕ್' ಅಂತ ಒಂಟಿಯಾಗಿ ಬರೆದುಕೊಂಡರೆ ಕಲಿತ ಹಾಗಲ್ಲ, 'ಅಲರ್ಜಿಕ್ ಟು ಪೆನಿಸಿಲಿನ್' ಅಂತ ಬರೆಯಿರಿ. 'ಡಯಾಗ್ನೋಸ್ಡ್ ವಿತ್', 'ಕಂಪ್ಲೇನ್ಡ್ ಆಫ್', 'ಅಡ್ಮಿಟೆಡ್ ವಿತ್', 'ಅಟ್ ರಿಸ್ಕ್ ಆಫ್', 'ಕಮೆನ್ಸ್ಡ್ ಆನ್' ಎಲ್ಲವೂ ಜೋಡಿಯಲ್ಲೇ ಪುಸ್ತಕಕ್ಕೆ ಬರಲಿ. 'ಮೂರು ದಿನದಿಂದ ಜ್ವರ' ಅಂತ ಕನ್ನಡದಲ್ಲಿ ಯೋಚಿಸುವ ನಮಗೆ 'ಸಿನ್ಸ್ ತ್ರೀ ಡೇಸ್' ತಾನಾಗಿಯೇ ಬರುತ್ತದೆ. ಎಷ್ಟು ಕಾಲ ಅಂತ ಹೇಳುವಾಗ 'ಫಾರ್ ತ್ರೀ ಡೇಸ್', ಯಾವತ್ತಿನಿಂದ ಅಂದಾಗ ಮಾತ್ರ 'ಸಿನ್ಸ್ ಮಂಡೇ'. ಇದೊಂದನ್ನು ನಾನು ಪ್ರತಿ ಬ್ಯಾಚಿನಲ್ಲೂ ಬೋರ್ಡಿನ ಮೂಲೆಯಲ್ಲಿ ಬರೆದು ಅಳಿಸದೆ ಬಿಡುತ್ತೇನೆ.

ಬರೆದಿಟ್ಟರೆ ಸಾಲದು, ಮತ್ತೆ ನೋಡಬೇಕು. ಹರ್ಮನ್ ಎಬಿಂಗ್‌ಹೌಸ್ ಅನ್ನುವ ಜರ್ಮನ್ ವಿದ್ವಾಂಸ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿ ತೋರಿಸಿದ್ದ: ಕಲಿತದ್ದರಲ್ಲಿ ಹೆಚ್ಚು ಭಾಗ ಮೊದಲ ಒಂದೆರಡು ದಿನದಲ್ಲೇ ಸೋರಿ ಹೋಗುತ್ತದೆ, ಆಮೇಲೆ ಸೋರುವುದು ನಿಧಾನ. ಅಂದರೆ ಇವತ್ತು ಬರೆದದ್ದನ್ನು ನಾಳೆಯೇ ನೋಡಬೇಕು, ಆಮೇಲೆ ಮೂರು ದಿನ ಬಿಟ್ಟು, ಆಮೇಲೆ ವಾರ ಬಿಟ್ಟು. ನೋಡುವುದು ಅಂದರೆ ಕಣ್ಣಾಡಿಸುವುದಲ್ಲ. ಬಲಗಡೆ ಪುಟವನ್ನು ಕೈಯಿಂದ ಮುಚ್ಚಿ, ಎಡಗಡೆಯ ಪದ ನೋಡಿ, ಪೇಷಂಟ್ ಹೇಗೆ ಹೇಳುತ್ತಾರೋ ಹಾಗೆ ಗಟ್ಟಿಯಾಗಿ ಹೇಳಿ. ನಾಳೆ ಎಡಗಡೆ ಮುಚ್ಚಿ. ತಪ್ಪಿದ್ದಕ್ಕೆ ಪೆನ್ಸಿಲಿನಲ್ಲಿ ಚುಕ್ಕೆ. ಮೂರು ಚುಕ್ಕೆ ಬಿದ್ದ ಪದವನ್ನು ಚೀಟಿಯಲ್ಲಿ ಬರೆದು ಯೂನಿಫಾರ್ಮ್ ಜೇಬಿಗೆ ಹಾಕಿಕೊಳ್ಳಿ. ಫೋನೇ ಹಿತವಾದರೆ 'ಆಂಕಿ' (Anki) ಅನ್ನುವ ಫ್ಲ್ಯಾಶ್‌ಕಾರ್ಡ್ ಆ್ಯಪ್ ಇದೇ ಲೆಕ್ಕದ ಮೇಲೆ ನಡೆಯುತ್ತದೆ. ಆದರೆ ಬೇರೆಯವರು ಮಾಡಿಟ್ಟ ಕಾರ್ಡುಗಳ ಕಟ್ಟು (ಡೆಕ್) ಇಳಿಸಿಕೊಳ್ಳಬೇಡಿ, ನಿಮ್ಮ ಕಾರ್ಡು ನೀವೇ ಟೈಪ್ ಮಾಡಿ.

ಸ್ಪೀಕಿಂಗ್‌ಗೆ ನಾನು ಕೊಡುವ ಮನೆಗೆಲಸ ವಿಚಿತ್ರ ಅನ್ನಿಸಬಹುದು. ಮೊದಲು ಕನ್ನಡದಲ್ಲಿ ಅಮ್ಮನಿಗೆ ವಿವರಿಸಿ. ತುಳುವೋ ಕೊಂಕಣಿಯೋ ಆದರೆ ಅದರಲ್ಲೇ. ಮೆಟ್‌ಫಾರ್ಮಿನ್ ಯಾಕೆ ಊಟದ ಜೊತೆ ತಗೋಬೇಕು, ಸ್ಟೆಂಟ್ ಅಂದರೇನು, ಆ್ಯಂಟಿಬಯೋಟಿಕ್ ಕೋರ್ಸನ್ನು ಮಧ್ಯಕ್ಕೆ ಬಿಡಬಾರದು ಯಾಕೆ. ಅಮ್ಮ "ಅಂದ್ರೆ ಎಂಥ ಮಾರಾಯ್ತಿ?" ಅಂತ ಕೇಳಿದ ಕಡೆ ನಿಲ್ಲಿ. ಅಲ್ಲೇ ನೀವು ಕೇಸ್‌ಶೀಟ್ ಭಾಷೆ ಬಳಸಿದ್ದೀರಿ. ಅದನ್ನು ಬಿಡಿಸಿ ಹೇಳಿ, ಅದೇ ವಿವರಣೆಯನ್ನು ಈಗ ಇಂಗ್ಲಿಷಿನಲ್ಲಿ ಫೋನಿಗೆ ರೆಕಾರ್ಡ್ ಮಾಡಿ. ಪೇಷಂಟ್‌ಗೆ ಅರ್ಥವಾಗುವ ಹಾಗೆ ಹೇಳಿದಿರಾ, ಅವರ ಆತಂಕ ಕೇಳಿಸಿಕೊಂಡಿರಾ ಅನ್ನುವುದಕ್ಕೆ ರೋಲ್‌ಪ್ಲೇಯಲ್ಲಿ ಬೇರೆಯೇ ಮಾರ್ಕ್ಸ್ ಇದೆ. ಅಮ್ಮನ ಮುಂದೆ ಪಾಸಾದವರು ಅಲ್ಲಿ ಎಡವುವುದು ಕಡಿಮೆ.

ಸ್ಪೆಲ್ಲಿಂಗ್ ಬಗ್ಗೆ ಎರಡು ಮಾತು. ಬ್ರಿಟಿಷ್ ನಡೆಯುತ್ತದೆ, ಅಮೆರಿಕನ್ನೂ ನಡೆಯುತ್ತದೆ, ಒಂದೇ ಪತ್ರದಲ್ಲಿ ಕಲಸಬೇಡಿ. ರೀಡಿಂಗ್ ಪಾರ್ಟ್ ಎ ಉತ್ತರ ಕಣ್ಣ ಮುಂದೆಯೇ ಅಚ್ಚಾಗಿರುತ್ತದೆ, ಅದನ್ನು ನೋಡಿ ಬರೆಯುವಾಗ ಅಕ್ಷರ ಬಿಟ್ಟು ಮಾರ್ಕ್ಸ್ ಕಳೆದುಕೊಳ್ಳುವುದು ಅನ್ಯಾಯ.

ಒಇಟಿ ಬದಲು ಎಲ್ಲರಿಗೂ ಇರುವ ಸಾಮಾನ್ಯ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಬರೆಯುವವರ ದಾರಿ ಬೇರೆ. ಅಲ್ಲಿ ರೈಟಿಂಗ್‌ನಲ್ಲೂ ಸ್ಪೀಕಿಂಗ್‌ನಲ್ಲೂ ಕಾಲು ಭಾಗ ಮಾರ್ಕ್ಸ್ ಪದಬಳಕೆಗೇ ಮೀಸಲು, ವಿಷಯ ಪರಿಸರದಿಂದ ಶಿಕ್ಷಣದವರೆಗೆ ಯಾವುದೂ ಬರಬಹುದು. ಅವೆರಿಲ್ ಕಾಕ್ಸ್‌ಹೆಡ್ ಅನ್ನುವವರು 2000ದಲ್ಲಿ ಪ್ರಕಟಿಸಿದ 570 ಪದಕುಟುಂಬಗಳ (ಒಂದು ಮೂಲಪದ ಮತ್ತು ಅದರ ರೂಪಗಳು ಸೇರಿ ಒಂದು ಕುಟುಂಬ) ಅಕಾಡೆಮಿಕ್ ವರ್ಡ್ ಲಿಸ್ಟ್ ಹುಡುಕಿ. ಹತ್ತು ಭಾಗವಿದೆ, ಹೆಚ್ಚು ಬಳಕೆಯವು ಮೊದಲು. ಮೊದಲ ಮೂರು ಭಾಗ ಗಟ್ಟಿ ಮಾಡಿಕೊಂಡರೆ ಓದುವ ವೇಗವೇ ಬದಲಾಗುತ್ತದೆ. ಬಾಯಿಪಾಠದ ವಾಕ್ಯಗಳನ್ನು ಪರೀಕ್ಷಕರು ಬೇಗ ಗುರುತಿಸುತ್ತಾರೆ, ಅದಕ್ಕೆ ದುಡ್ಡು ಸುರಿಯಬೇಡಿ.

ಪರೀಕ್ಷೆಗೆ ಒಂದು ವಾರ ಇದ್ದಾಗ ಹೊಸ ಪದ ನಿಲ್ಲಿಸಿ, ಚುಕ್ಕೆ ಬಿದ್ದವನ್ನಷ್ಟೇ ತಿರುವಿ. ಹಿಂದಿನ ರಾತ್ರಿ ಡ್ಯೂಟಿ ಇದ್ದರೆ ಯಾರನ್ನಾದರೂ ಕಾಡಿ ಬೇಡಿ ಎಕ್ಸ್‌ಚೇಂಜ್ ಮಾಡಿಕೊಳ್ಳಿ. ರೋಲ್‌ಪ್ಲೇ ಕಾರ್ಡ್ ಕೈಗೆ ಬಂದಾಗ ಸಿದ್ಧವಾಗಲು ಸ್ವಲ್ಪ ಹೊತ್ತು ಕೊಡುತ್ತಾರೆ. ಕಾರ್ಡಿನಲ್ಲಿ ಗೊತ್ತಿಲ್ಲದ ಪದ ಇದ್ದರೆ ಆಗಲೇ ಕೇಳಿಬಿಡಿ, ಕೇಳಿದ್ದಕ್ಕೆ ಮಾರ್ಕ್ಸ್ ಕಡಿಯುವುದಿಲ್ಲ.