ವಿಮಾನ ಎಣಿಸೋದು ಬಿಟ್ಟು ಕ್ಯಾಪ್ಟನ್‌ಗಳನ್ನ ಎಣಿಸಿದ ಕಥೆ: ನನ್ನ ಅನುಭವ

ಫ್ಲೀಟ್ ಪ್ಲಾನಿಂಗ್ (ಏರ್‌ಲೈನಿನ ವಿಮಾನಗಳ ಲೆಕ್ಕಾಚಾರ, ಅದೇ ನನ್ನ ಕೆಲಸ) ಅಂದ ತಕ್ಷಣ ಜನ ಕೇಳೋದು ಏರ್‌ಬಸ್ ಒಳ್ಳೇದಾ ಬೋಯಿಂಗ್ ಒಳ್ಳೇದಾ ಅಂತ. ಅದೆಲ್ಲ ಯಾವಾಗ್ಲೋ ಒಂದ್ಸಲ ಮೇಲಿನೋರು ಕೂತು ಮಾಡೋ ತೀರ್ಮಾನ ಕಣ್ರೀ. ನಮ್ಮ ದಿನದ ಪಾಡು ಬೇರೆ, ಮುಂದಿನ ಆರು ತಿಂಗಳು ಯಾವ್ಯಾವ ವಿಮಾನ ಹಾರೋಕೆ ಸಿಗತ್ತೆ, ಯಾವುದು ಸಿ-ಚೆಕ್‌ಗೆ (ದೊಡ್ಡ ತಪಾಸಣೆ) ಹ್ಯಾಂಗರ್ ಸೇರತ್ತೆ, ಯಾವುದರ ಲೀಸ್ ಮುಗಿಯತ್ತೆ, ಇಂಜಿನ್ ಇಲ್ದೆ ಯಾವುದು ಮೂಲೇಲಿ ನಿಂತಿದೆ, ಇಷ್ಟೇ. 2023ರಲ್ಲಿ ಪ್ರಾಟ್ ಅಂಡ್ ವಿಟ್ನಿ ಇಂಜಿನ್‌ಗಳ ಪೌಡರ್ ಮೆಟಲ್ ದೋಷ (ಲೋಹದ ಪುಡಿಯಿಂದ ಮಾಡಿದ ಭಾಗಗಳಲ್ಲಿ ಬಿರುಕು ಬರೋ ಅಪಾಯ) ಹೊರಗೆ ಬಂದ್ಮೇಲೆ ಆ ಇಂಜಿನ್ ಇದ್ದ ಏರ್‌ಲೈನ್‌ನೋರು ಈ ಕೊನೇ ಕಾಲಮ್ ನೋಡ್ಕೊಂಡೇ ಕೂತಿದ್ರು. ಕ್ರೂ ಅನ್ನೋದು ಬೇರೆ ಡಿಪಾರ್ಟ್‌ಮೆಂಟಿನ ಶೀಟು, ಕೊನೇಲಿ ತಂದು ಅಂಟಿಸ್ತಿದ್ರು.

2025ರ ವಿಂಟರ್ ಶೆಡ್ಯೂಲ್ ಪ್ಲಾನ್ ಮಾಡೋವಾಗ ನಮ್ಮ ಕಂಪನೀಲಿ (ಹೆಸರು ಬೇಡ) ಪೈಲಟ್‌ಗಳಿಗೂ ಮ್ಯಾನೇಜ್‌ಮೆಂಟ್‌ಗೂ ಮುಖ ಕೊಟ್ಟು ಮಾತಿರ್ಲಿಲ್ಲ. ರೋಸ್ಟರ್ ಕೊನೇ ಗಳಿಗೇಲಿ ಬದಲಾಗ್ತಿತ್ತು, ರಜೆ ಸಿಗ್ತಿರ್ಲಿಲ್ಲ, ಪೇ ಸ್ಟ್ರಕ್ಚರ್ ಜಗಳ ಬೇರೆ. ಅದರ ಮೇಲೆ ಡಿಜಿಸಿಎ (ವಿಮಾನಯಾನದ ಸರ್ಕಾರಿ ನಿಯಂತ್ರಕ) ಹೊಸ ಡ್ಯೂಟಿ ನಿಯಮ ಬರ್ತಿತ್ತು, ವಾರದ ರೆಸ್ಟ್ 36 ಗಂಟೆಯಿಂದ 48 ಆಗಿದ್ದು ಜುಲೈ 1ಕ್ಕೆ, ರಾತ್ರಿ ಡ್ಯೂಟಿ ನಿಯಮ ಬಿಗಿಯಾಗೋದು ನವೆಂಬರ್ 1ಕ್ಕೆ. ಕಮರ್ಷಿಯಲ್‌ನೋರಿಗೆ ಇದ್ಯಾವುದೂ ಬೇಡ, ಹೊಸ ವಿಮಾನ ಬರ್ತಿದೆಯಲ್ಲ ಹಾರ್ಸಿ ಅಂತ.

ನಾನು ಮೊದ್ಲು ಮಾಡಿದ್ದು ಕ್ರೂ ಶೆಡ್ಯೂಲಿಂಗ್ ಹುಡುಗ್ರ ಪಕ್ಕ ಹೋಗಿ ಕೂತಿದ್ದು. ಅಲ್ಲಿ ಕೇಳಿದ್ದು ದಿನಾ ಒಂದೇ ಥರದ ಫೋನು: "ಕ್ಯಾಪ್ಟನ್, ನಾಳೆ ನಿಮ್ಗೆ ಆಫ್ ಅಂತ ಗೊತ್ತು, ಒಂದೇ ಒಂದು ಹೈದರಾಬಾದ್ ಮಾಡ್ಕೊಡ್ತೀರಾ?" ಮುಂಚೆ ಸಲೀಸಾಗಿ ಒಪ್ತಿದ್ದೋರು ಈಗ ಫೋನೇ ಎತ್ತಲ್ಲ. ಒಬ್ರು ಸೀನಿಯರ್ ಕ್ಯಾಪ್ಟನ್, ನಮ್ಮ ಹಾಸನದ ಕಡೆಯೋರು, ನಂಗೆ ನೇರವಾಗೇ ಹೇಳಿದ್ರು, "ನೋಡಮ್ಮಾ, ನಾವೇನೂ ಸ್ಟ್ರೈಕ್ ಮಾಡಲ್ಲ. ರೂಲ್ ಬುಕ್ಕಲ್ಲಿರೋಷ್ಟು ಮಾಡ್ತೀವಿ, ಅದ್ರ ಮೇಲೆ ಒಂದು ಗಂಟೆಯೂ ಇಲ್ಲ."

ಅಲ್ಲಿಗೆ ನಂಗೆ ಬೇಕಾಗಿದ್ದು ಸಿಕ್ತು. ನಮ್ಮ ಪ್ಲಾನ್ ನಿಂತಿದ್ದೇ ಈ ದಾಕ್ಷಿಣ್ಯದ ಗಂಟೆಗಳ ಮೇಲೆ, ಆದ್ರೆ ಯಾವ ಶೀಟಲ್ಲೂ ಅದಕ್ಕೊಂದು ಕಾಲಮ್ ಇಲ್ಲ. ಹಾಗಾಗಿ ಆಫ್ ದಿನದ ಹಾರಾಟ, ಡ್ಯೂಟಿ ಎಕ್ಸ್‌ಟೆನ್ಷನ್, ಮುಂದೂಡಿದ ರಜೆ ಎಲ್ಲಾ ಸೊನ್ನೆ ಮಾಡಿ ಮತ್ತೆ ಲೆಕ್ಕ ಹಾಕ್ದೆ. ಯಾರ ಉಪಕಾರವೂ ಇಲ್ದೆ ಎಷ್ಟು ವಿಮಾನ ಹಾರತ್ತೆ ಅಂತ.

ಸುಮ್ನೆ ಒಂದು ಉದಾಹರಣೆ ಹೇಳ್ತೀನಿ. ರಾತ್ರಿ ಹನ್ನೊಂದಕ್ಕೆ ಬೆಂಗಳೂರು ಬಿಟ್ಟು ಒಂದೂವರೆ ಹೊತ್ತಿಗೆ ಕೋಲ್ಕತ್ತಾ, ಅಲ್ಲಿಂದ ಮೂರೂಕಾಲಿಗೆ ಗುವಾಹಟಿ, ಬೆಳಿಗ್ಗೆ ಏಳರ ಹೊತ್ತಿಗೆ ವಾಪಸ್ ಬೆಂಗಳೂರು. ಹಳೇ ನಿಯಮದಲ್ಲಿ ಒಂದೇ ಸೆಟ್ ಪೈಲಟ್ (ಒಬ್ಬ ಕ್ಯಾಪ್ಟನ್, ಒಬ್ಬ ಫಸ್ಟ್ ಆಫೀಸರ್) ಇದನ್ನ ಮುಗಿಸಿ ಮನೆಗೆ ಹೋಗ್ತಿದ್ರು. ಹೊಸದ್ರಲ್ಲಿ ರಾತ್ರಿ ಅಂದ್ರೆ ಹನ್ನೆರಡರಿಂದ ಆರು, ಅದರೊಳಗೆ ಸ್ವಲ್ಪ ಬಂದ್ರೂ ಆ ಇಡೀ ಡ್ಯೂಟಿಗೆ ಎರಡೇ ಲ್ಯಾಂಡಿಂಗ್. ಅಂದ್ಮೇಲೆ ಗುವಾಹಟೀಲಿ ಕ್ರೂ ಇಳೀಬೇಕು, ಇನ್ನೊಂದು ಸೆಟ್ ಹತ್ತಬೇಕು, ಆ ಸೆಟ್ಟು ಹಿಂದಿನ ದಿನವೇ ಅಲ್ಲಿಗೆ ಹೋಗಿರ್ಬೇಕು, ಅವ್ರಿಗೆ ಹೋಟೆಲ್ಲು, ಕ್ಯಾಬು. ವಿಮಾನ ಅದೇ ಒಂದು, ಪೈಲಟ್ ಮಾತ್ರ ಎರಡು ಪಟ್ಟು. ಒಂದು ನ್ಯಾರೋಬಾಡಿಗೆ (ನಡುವೆ ಒಂದೇ ದಾರಿ ಇರೋ ವಿಮಾನ) ಇಷ್ಟು ಸೆಟ್ ಅಂತ ನಾವು ಬಾಯಿಪಾಠ ಮಾಡ್ಕೊಂಡಿದ್ದ ಲೆಕ್ಕ ರಾತ್ರಿ ಫ್ಲೈಟ್ ಜಾಸ್ತಿ ಇರೋ ನೆಟ್‌ವರ್ಕಲ್ಲಿ ಕೈ ಕೊಡೋದು ಇಲ್ಲೇ.

ಅದೂ ಕೊರತೆ ಇದ್ದಿದ್ದು ಕಮಾಂಡರ್‌ಗಳದ್ದು, ಅಂದ್ರೆ ಕ್ಯಾಪ್ಟನ್‌ಗಳದ್ದು. ಫಸ್ಟ್ ಆಫೀಸರ್‌ಗಳು ಬೇಕಾದಷ್ಟಿದ್ರು, ಆದ್ರೆ ಅವ್ರನ್ನ ಎಡಗಡೆ, ಅಂದ್ರೆ ಕ್ಯಾಪ್ಟನ್ ಸೀಟಿಗೆ ಕೂರಿಸೋಕೆ ಎಟಿಪಿಎಲ್ (ಏರ್‌ಲೈನ್ ಪೈಲಟ್ ಲೈಸೆನ್ಸ್) ಬೇಕು, ಅದಕ್ಕೆ ಕನಿಷ್ಠ 1500 ಗಂಟೆ ಹಾರಾಟ, ಆಮೇಲೆ ಸಿಮ್ಯುಲೇಟರು, ಲೈನ್ ಟ್ರೈನಿಂಗು (ಪ್ರಯಾಣಿಕರಿರೋ ಫ್ಲೈಟಲ್ಲೇ ತರಬೇತಿ), ಚೆಕ್ಕು. ಆ ಟ್ರೈನಿಂಗ್ ಕೊಡೋನೂ ಕ್ಯಾಪ್ಟನ್ನೇ, ಅಂದ್ರೆ ಅಲ್ಲೂ ಅವನ ಗಂಟೆಗಳೇ ಖರ್ಚು. ಬಿಟ್ಟು ಹೋಗೋ ಕಮಾಂಡರ್‌ಗೆ ಒಂದು ವರ್ಷ ನೋಟಿಸ್ ಪೀರಿಯಡ್ ಇದೆಯಲ್ಲ ಭಯ ಯಾಕೆ ಅಂತ ಎಚ್‌ಆರ್ ಕೇಳಿದ್ರು. ನೋಟಿಸ್ ಕೊಟ್ಟೋನು ಒಂದು ವರ್ಷ ಇರ್ತಾನೆ ನಿಜ, ಆದ್ರೆ ಆಫ್ ದಿನ ಬರಲ್ಲ, ಮೈಗೆ ಹುಷಾರಿಲ್ಲ ಅಂದ್ರೆ ಮುಂಚಿನ ಹಾಗೆ ಸಹಿಸ್ಕೊಂಡೂ ಬರಲ್ಲ.

ಮೀಟಿಂಗಲ್ಲಿ ನಾನು ಕೇಳಿದ್ದು ಮೂರು. ಹೊಸ ವಿಮಾನಗಳಲ್ಲಿ ಕೆಲವನ್ನ ಲೆಸರ್ (ವಿಮಾನ ಬಾಡಿಗೆಗೆ ಕೊಡೋರು) ಹತ್ರ ಮಾತಾಡಿ ಮುಂದೆ ತಳ್ಳಿ, ಬಂದಿದ್ರಲ್ಲಿ ಒಂದನ್ನ ಸ್ಪೇರ್ ಇಡಿ, ರಾತ್ರಿ ಫ್ಲೈಟ್ ತೆಗೆದು ಹಗಲಿಗೆ ಹಾಕಿ. ಕಮರ್ಷಿಯಲ್ ಹೆಡ್ ಕೆಂಡಾಮಂಡಲ. "ಶೇ 80 ಬಳಸ್ಲಿಲ್ಲ ಅಂದ್ರೆ ಸ್ಲಾಟ್ ಹೋಗತ್ತೆ ಕಣ್ರೀ, ಮತ್ತೆ ಸಿಗತ್ತಾ?" ಸ್ಲಾಟ್ ಅಂದ್ರೆ ಏರ್‌ಪೋರ್ಟಲ್ಲಿ ಇಳಿಯೋಕೆ, ಏರೋಕೆ ಸಿಗೋ ಗೊತ್ತಾದ ಸಮಯ. ಅವ್ರ ಮಾತೂ ಸುಳ್ಳಲ್ಲ, ಬೆಂಗಳೂರಲ್ಲಿ ಬೆಳಗಿನ ಸ್ಲಾಟ್ ಅಂದ್ರೆ ಚಿನ್ನ. ಫೈನಾನ್ಸ್‌ನೋರು ಡ್ಯಾಂಪ್ ಲೀಸ್ ಅಂದ್ರು, ಅಂದ್ರೆ ವಿಮಾನದ ಜೊತೆ ಹೊರದೇಶದ ಪೈಲಟ್‌ಗಳೂ ಬರ್ತಾರೆ, ಕ್ಯಾಬಿನ್ ಕ್ರೂ ನಮ್ಮದು. ಕಾಗದದ ಮೇಲೆ ಚೆನ್ನಾಗೇ ಇತ್ತು, ಆದ್ರೆ ಸಂಬಳಕ್ಕೆ ಜಗಳ ಆಡ್ತಿರೋ ನಮ್ಮ ಕ್ಯಾಪ್ಟನ್ ಕಣ್ಣೆದುರಿಗೇ ಡಾಲರ್ ಸಂಬಳದೋನನ್ನ ತಂದು ಕೂರಿಸಿದ್ರೆ ಉರಿಯೋ ಬೆಂಕಿಗೆ ತುಪ್ಪ ಸುರಿದ ಹಾಗೆ ಅಂತ ಖಡಾಖಂಡಿತ ಹೇಳ್ದೆ, ಚೀಫ್ ಪೈಲಟ್ಟೂ ದನಿಗೂಡಿಸಿದ್ರು.

ಕೊನೆಗೆ ಒಪ್ಪಿದ್ದು ಅರ್ಧಂಬರ್ಧ. ಡೆಲಿವರಿ ಸ್ವಲ್ಪ ಮುಂದೆ ಹೋಯ್ತು, ಸ್ಪೇರ್ ಸಿಕ್ತು, ರಾತ್ರಿ ಫ್ಲೈಟ್ ಕೆಲವಷ್ಟೇ ಹೋದ್ವು. ಇನ್ನೊಂದು ಸಣ್ಣ ವಿಷ್ಯ ಪಟ್ಟು ಹಿಡಿದು ಮಾಡಿಸ್ದೆ, ಪಬ್ಲಿಷ್ ಆದ ರೋಸ್ಟರಲ್ಲಿ ಆಫ್ ದಿನ ಮುಟ್ಟಬಾರ್ದು ಅಂತ. ಖರ್ಚಿಲ್ಲದ ಕೆಲಸ, ಆದ್ರೆ ಕ್ಯಾಪ್ಟನ್‌ಗಳು ಮತ್ತೆ ಫೋನ್ ಎತ್ತೋಕೆ ಶುರು ಮಾಡಿದ್ದು ಅದಾದ್ಮೇಲೇ.

ಆಮೇಲೆ ಡಿಸೆಂಬರಲ್ಲಿ ಇದೇ ಹೊಸ ಡ್ಯೂಟಿ ನಿಯಮಕ್ಕೆ ಪೈಲಟ್ ಲೆಕ್ಕ ತಪ್ಪಿ ಇಂಡಿಗೋಲಿ ಏನಾಯ್ತು ಅಂತ ಎಲ್ರೂ ನೋಡಿದ್ದೀರಿ, 5ನೇ ತಾರೀಕು ಒಂದೇ ದಿನ ಸಾವಿರಕ್ಕೂ ಹೆಚ್ಚು ಫ್ಲೈಟ್ ಕ್ಯಾನ್ಸಲ್, ಕೊನೆಗೆ ಸರ್ಕಾರವೇ ಅವ್ರ ಶೆಡ್ಯೂಲಲ್ಲಿ ಶೇ 10 ಕಡಿತ ಮಾಡ್ಸಿತು. ಆ ವಾರ ನಮ್ಮ ಕಮರ್ಷಿಯಲ್ ಹೆಡ್ ತಾವಾಗೇ ಬಂದು ನಾನು ಹಾಕಿದ್ದ ಆ ಕಮಾಂಡರ್‌ಗಳ ಲೆಕ್ಕದ ಶೀಟ್ ಕೇಳಿದ್ರು, ಕಳ್ಸಿದೆ. ಕ್ಯಾಬಿನ್ ಕ್ರೂಗೂ ಇಂಥದ್ದೇ ಒಂದು ಶೀಟ್ ಮಾಡ್ಬೇಕು ಅಂತ ಅವತ್ತಿಂದ ಕೇಳ್ತಾನೇ ಇದೀನಿ, ಅವ್ರ ಸಿಕ್ ಲೀವ್ ಡೇಟಾ ಕೊಡೋಕೆ ಎಚ್‌ಆರ್ ಇನ್ನೂ ಮೀನಮೇಷ ಎಣಿಸ್ತಿದಾರೆ.